ಹೊಟ್ಟೆ ದಾಟಿ ಬಂದ ಹೆಪ್ಪು

ಏಳು ವರ್ಷದಿಂದ ಜನರ ಮಲ ಹೊತ್ತು ತಿರುಗುವುದೇ ನನ್ನ ಕೆಲಸ. ನಗುವಂಥದ್ದು ನಡೆಯದ ವಾರವಿಲ್ಲ, ನಗುವ ಶಕ್ತಿ ಮಾತ್ರ ನನ್ನಲ್ಲಿ ಉಳಿದಿಲ್ಲ. ಒಳ್ಳೆಯ ಬ್ಯಾಕ್ಟೀರಿಯಾ ಹಾಕಿದ ಮಜ್ಜಿಗೆ ಬಾಟಲಿಗಳನ್ನು ಹಳ್ಳಿಗಳಲ್ಲಿ ಹಂಚಬೇಕು. ಕುಡಿದವರ ಮಲ ತಂದು, ಹೊಟ್ಟೆ ದಾಟಿಯೂ ಎಷ್ಟು ಜೀವಂತ ಬಂದಿವೆ ಎಂದು ಶ್ರೀರಂಗಪಟ್ಟಣದ ಲ್ಯಾಬಿನಲ್ಲಿ ಎಣಿಸಬೇಕು. ಈ ಸಲದ ಲೆಕ್ಕ ಸರಿ ಬಂದರಷ್ಟೇ ನನ್ನ ಕಾಂಟ್ರಾಕ್ಟು ಮುಂದುವರಿಯುತ್ತದೆ ಎಂದು ಲ್ಯಾಬು ನಡೆಸುವ ಮೇಡಂ ಮೊದಲೇ ಹೇಳಿದ್ದರು.

೧. ದೇವರ ಹೂವು

ನಾಗಮಂಗಲದಲ್ಲಿ ಬಸ್ಸು ಹತ್ತಿ ಐಸ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಮೇಲುಕೋಟೆಗೆ ಹೂವು ಒಯ್ಯುತ್ತಿದ್ದ ಪಕ್ಕದ ಹೆಂಗಸು, ಬಿಸಿಲಿಗೆ ಬಾಡುತ್ತವೆ, ನಿಮ್ಮ ಪೆಟ್ಟಿಗೆಯಲ್ಲಿಡಿ ಎಂದರು. ಆಗಲ್ಲ ಎಂದೆ. ದೇವರ ಹೂವಿಗೂ ಜಾಗ ಕೊಡದ ಜನ ಎಂದು ಬಸ್ಸಿಗೆಲ್ಲ ಕೇಳುವಂತೆ ಬೈದರು. ವಿಧಿಯಿಲ್ಲದೆ ಒಳಗಿರುವುದೇನೆಂದು ಹೇಳಿದೆ. ಆಮೇಲೆ ಮೂರು ಜನರ ಸೀಟಿನಲ್ಲಿ ನಾನೊಬ್ಬಳೇ ಕಾಲು ನೀಡಿ ಕೂತೆ.

೨. ತುಂಬಿದ ಡಬ್ಬಿ

ಕೆ.ಆರ್. ಪೇಟೆಯ ಬಡಗಿಯೊಬ್ಬರಿಗೆ ಡಬ್ಬಿ ಕೊಟ್ಟು ವಿವರ ಹೇಳಿದ್ದೆ. ಅವರು ಹೆಂಡತಿಗೆ ಹೇಳಲು ನಾಚಿಕೊಂಡರು. ಮಾರನೇ ದಿನ ಆಕೆ ಡಬ್ಬಿಯನ್ನು ಸೋಪು ಹಾಕಿ ತೊಳೆದು ಅವರೇಕಾಳು ತುಂಬಿ ಕೊಟ್ಟರು.

"ಯಾರ ಡಬ್ಬೀನೂ ಬರಿದು ಕಳ್ಸಕಿಲ್ಲ ಕಣವ್ವ ನಾವು."

ಬಿಡಿಸಿ ಹೇಳಿದೆ. ಮರುವಾರ ಡಬ್ಬಿಯಲ್ಲಿ ಬೇಕಾದದ್ದೇ ಇತ್ತು. ಅವರೇಕಾಳನ್ನು ಬೇರೆ ಕವರಿನಲ್ಲಿ ಕಟ್ಟಿ, ಎರಡನ್ನೂ ಒಂದೇ ಚೀಲದಲ್ಲಿ ಹಾಕಿಟ್ಟಿದ್ದರು. ಆ ವಾರ ನಮ್ಮನೆಯಲ್ಲಿ ಬೇಳೆ ಸಾರು.

೩. ಬಿಂಡಿಗನವಿಲೆ

ಈ ಊರಿನಲ್ಲಿ ಅರ್ಧ ಮನೆಗಳಿಗೆ ಬ್ಯಾಕ್ಟೀರಿಯಾ ಇರುವ ಬಾಟಲಿ, ಹೋಲಿಸಿ ನೋಡಲು ಉಳಿದರ್ಧಕ್ಕೆ ಇಲ್ಲದ ಬಾಟಲಿ. ಎಣಿಸಿದರೆ ಎಲ್ಲ ಮನೆಗಳಲ್ಲೂ ಅದೇ ಬ್ಯಾಕ್ಟೀರಿಯಾ. ಬಾಟಲಿ ಅದಲುಬದಲು ಮಾಡಿದ್ದೀರಿ ಎಂದು ಮೇಡಂ ನನ್ನ ಮೇಲೆ ಹರಿಹಾಯ್ದರು. ತಪ್ಪು ಲ್ಯಾಬಿನದೇ ಇರಬಹುದು, ಯಾವ ಬಾಟಲಿಯನ್ನೂ ಕುಡಿಯದವರ ಮಲ ನೋಡೋಣ ಎಂದೆ. ನನ್ನದನ್ನೇ ಕೊಟ್ಟೆ. ಎಲ್ಲರಿಗಿಂತ ಹೆಚ್ಚು ಬಂದದ್ದು ನನ್ನದರಲ್ಲಿ.

ಕೆಲಸ ಹೋಯಿತು ಎಂದುಕೊಂಡೇ ಮೊದಲ ಬಾಟಲಿ ಪಡೆದಿದ್ದ ಅಜ್ಜಿಯ ಮನೆಗೆ ಓಡಿದೆ. ಅಜ್ಜಿ ಏನನ್ನೂ ಮುಚ್ಚಿಡಲಿಲ್ಲ. ಮೊದಲ ದಿನವೇ ಒಂದು ಚಮಚ ಉಳಿಸಿ ಹಾಲಿಗೆ ಹೆಪ್ಪು ಹಾಕಿದ್ದರು. ಮೊಸರು ಗಟ್ಟಿ ಬಂತು. ಬೀದಿಯವರೆಲ್ಲ ಬಂದು ಹೆಪ್ಪು ಈಸಿಕೊಂಡು ಹೋದರು.

"ಎಪ್ಪು ಕೇಳಿದೋರ್ಗೆ ಇಲ್ಲ ಅನ್ನಕ್ಕಾಯ್ತದಾ? ನಿಂಗೂ ಒಂದ್ ಲೋಟ ಕೊಟ್ಟಿದ್ನಲ್ಲ ಮಗಾ."

ಕೊಟ್ಟಿದ್ದರು. ಒಂದು ತಿಂಗಳಿಂದ ನಮ್ಮನೆ ಮೊಸರು ಅದೇ.

೪. ಊಟದ ಹೊತ್ತು

ಲ್ಯಾಬಿಗೆ ಬಂದಾಗ ಮೇಡಂ ಊಟಕ್ಕೆ ಕೂತಿದ್ದರು. ಎಲ್ಲ ಹೇಳಿದೆ. ಅವರು ನಿಟ್ಟುಸಿರುಬಿಟ್ಟು, ಹೋಗಲಿ, ಆ ಹೆಪ್ಪು ಸೋಕದವಳು ನಾನೊಬ್ಬಳಾದರೂ ಇದ್ದೀನಲ್ಲ, ನಾಳೆ ನನ್ನದೇ ತರುತ್ತೇನೆ ಎಂದರು.

"ಮೇಡಂ, ದಿನಾ ನನ್ನ ಊಟದ ಡಬ್ಬಿಯಿಂದ ನೀವು ಹೊಗಳಿ ಹೊಗಳಿ ಹಾಕಿಸಿಕೊಳ್ಳೋ ಮೊಸರು..."

ಮೇಡಂ ಬಾಯಲ್ಲಿದ್ದ ತುತ್ತನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ.

ಲೆಕ್ಕವನ್ನು ಮೊದಲಿನಿಂದ ಮಾಡಬೇಕಾಗಿ ಬಂದದ್ದರಿಂದ ಕಾಂಟ್ರಾಕ್ಟು ಆರು ತಿಂಗಳು ಮುಂದುವರಿಯಿತು. ಆ ಹೆಪ್ಪು ತಲುಪದ ಒಂದು ಊರು ಹುಡುಕುವುದು ಈಗ ನನ್ನ ಕೆಲಸ. ಮೊನ್ನೆ ಪಾಂಡವಪುರದ ಆಚೆ ಒಂದು ಹಳ್ಳಿಗೆ ಹೋದೆ. ಮೊದಲ ಮನೆಯಲ್ಲೇ ಮಜ್ಜಿಗೆ ಕೊಟ್ಟು ಉಪಚರಿಸಿದ ಹೆಂಗಸನ್ನು ತವರು ಯಾವುದು ಎಂದು ಕೇಳಿದೆ. ಬಿಂಡಿಗನವಿಲೆಯಂತೆ.