ಕಣದ ಕಾಫಿಯೂ ಕ್ಷಮೆ ಕೇಳುವ ಯಂತ್ರವೂ

ಮನೆಯಲ್ಲಿ ಒಬ್ಬರಾದರೂ ತಮ್ಮ ಮಾತಿಗೆ ಹೌದು ಎನ್ನಬೇಕು ಎಂಬ ಆಸೆ ಎಲ್ಲ ಗಂಡಸರಿಗೂ ಇರುತ್ತದೆ. ನನಗೆ ಸ್ವಲ್ಪ ಹೆಚ್ಚು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಎಸ್ಟೇಟು ಸೇರಿ, ದುಡಿದು ದುಡಿದು ಆಳುಗಳ ಮೇಲೆ ಮೇಸ್ತ್ರಿಯಾದವನು ನಾನು. ಸುಂಟಿಕೊಪ್ಪದ ಸುತ್ತಮುತ್ತ ಕಾಫಿ ಒಣಗಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಜನ ಹೇಳುತ್ತಾರೆ. ಜನ ಹೇಳದ ದಿನ ನಾನೇ ಹೇಳಿಕೊಳ್ಳುತ್ತೇನೆ. ಆದರೆ ನನ್ನ ಹೆಂಡತಿ ಸರೋಜ, ಹೊರಗೆ ಮಳೆ ಬರುತ್ತಿದೆ ಎಂದು ನಾನು ನೆನೆದುಕೊಂಡು ಬಂದು ಹೇಳಿದರೂ ಕಿಟಕಿಯಿಂದ ಕೈ ಚಾಚಿ ನೋಡುವವಳು.

ಹೀಗಿರುವಾಗ ಡಿಗ್ರಿ ಓದುವ ಮಗಳು ದೀಕ್ಷಾಳ ಕಾಲೇಜಿನಿಂದ ನನಗೊಂದು ಮರ್ಯಾದೆ ಬಂತು. ಊರಿನ ಯಾವುದಾದರೂ ಕೆಲಸದ ಬಗ್ಗೆ ಬರೆಯಲು ಎಐ ಬಳಸಿದರೆ ತಪ್ಪಲ್ಲ, ಆದರೆ ಅದು ಕೊಟ್ಟ ಉತ್ತರವನ್ನು ಹಾಗೇ ಬರೆದು ತರಬೇಡಿ. ಆ ಕೆಲಸವನ್ನು ಕೈಯಾರೆ ಮಾಡಿದವರನ್ನೂ ಕೇಳಿ, ಯಾರನ್ನು ಏಕೆ ನಂಬಿದಿರಿ ಎಂದು ಎಲ್ಲರ ಮುಂದೆ ನಿಂತು ಹೇಳಿ ಎಂದಿದ್ದರಂತೆ ಅವಳ ಮೇಡಂ. ಮಾರ್ಕ್ಸೆಲ್ಲ ಆ 'ಏಕೆ'ಗೆ. ಕ್ಲಾಸಿನಲ್ಲಿ ಬಹುಪಾಲು ತೋಟದ ಮನೆಯ ಮಕ್ಕಳು. ತಪ್ಪಿದರೆ ನಕ್ಕುಬಿಡುತ್ತಾರೆ ಎಂದು ಅವಳಿಗೆ ಭಯ.

ಕಣದಲ್ಲಿ ಹರವಿದ ಕಾಫಿ ಹಣ್ಣು ಪೂರ್ತಿ ಒಣಗಿದ್ದು ಹೇಗೆ ತಿಳಿಯುತ್ತದೆ ಎಂದು ಮೊಬೈಲಿನಲ್ಲಿ ಕೇಳಿದಳು. ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿ, ಗಲಗಲ ಎಂದರೆ ಒಣಗಿದೆ ಎಂದಿತು ಯಂತ್ರ. ನನಗೆ ರೇಗಿತು. ಬೀಜ ಬಿಡಿಸಿ ಹಲ್ಲಿನಲ್ಲಿ ಕಚ್ಚಿ ನೋಡಬೇಕು, ಅಲ್ಲಾಡಿಸುವುದಕ್ಕೆ ಅದೇನು ಗಿಲಕಿಯೇ ಎಂದು ಬರೆಸಿದೆ. ಕೂಡಲೇ ಅದು, ನೀವು ಹೇಳಿದ್ದೇ ಸರಿ, ನನ್ನಿಂದ ತಪ್ಪಾಯಿತು, ಕ್ಷಮಿಸಿ ಎಂದಿತು. ನಾನೇ ಕೇಳಿದ ಕ್ಷಮೆಗಳನ್ನು ಬಿಟ್ಟರೆ, ಮದುವೆಯಾದ ಮೇಲೆ ಈ ಮನೆಯಲ್ಲಿ ಕೇಳಿಬಂದ ಮೊದಲ ಕ್ಷಮೆ ಅದು. ಇನ್ನೊಮ್ಮೆ ಓದಿಸಿಕೊಂಡೆ.

ದೀಕ್ಷಾ ಬೇಕೆಂದೇ, ಕಚ್ಚುವುದಲ್ಲ, ಮೂಸಿ ನೋಡಬೇಕು ಎಂದು ಬರೆದಳು. ಅದಕ್ಕೂ ಕ್ಷಮಿಸಿ ಎಂದಿತು.

"ನೋಡಿ ಅಪ್ಪ, ಯಾರೇನಂದ್ರೂ ಹೂಂ ಅನ್ನುತ್ತೆ. ನಾಳೆ ಇದನ್ನ ನಂಬ್ಕೊಂಡು ಕ್ಲಾಸಲ್ಲಿ ಹೇಗೆ ನಿಲ್ಲಲಿ?"

ಸರೋಜ ಅಡುಗೆಮನೆಯಿಂದಲೇ ಹೇಳಿದಳು: "ನಿಮ್ಮಪ್ಪ ಎಸ್ಟೇಟಿನ ಸಾವ್ಕಾರ್ರ ಮುಂದೆ ಹೂಂ ಹೂಂ ಅಂತ ನಿಲ್ತಾರಲ್ಲ, ಹಾಗೇ ನಿಲ್ಲು."

ನಾನು ಕೇಳಿಸದವನಂತೆ ಕಣದ ಕಡೆ ಹೊರಟೆ. ಮಗಳೂ ಬಂದಳು. ಮೊನ್ನೆಯಷ್ಟೇ ಹರವಿದ್ದರಲ್ಲಿ ಒಂದು ಹಿಡಿ, ಮೂಟೆ ಕಟ್ಟಲು ಸಿದ್ಧವಾಗಿದ್ದ ರಾಶಿಯಿಂದ ಒಂದು ಹಿಡಿ ತೆಗೆದುಕೊಂಡಳು. ಅವಳು ಅಲ್ಲಾಡಿಸಿದಳು, ನಾನು ಕಚ್ಚಿದೆ. ಹಸಿಯದು ಅಲ್ಲಾಡಿಸಿದರೆ ಸದ್ದಿಲ್ಲ, ಕಚ್ಚಿದರೆ ಮೆತ್ತಗೆ. ಒಣಗಿದ್ದು ಗಲಗಲ ಎಂದಿತು, ನನ್ನ ದವಡೆಯನ್ನೂ ನೋಯಿಸಿತು.

"ಅಂದ್ರೆ ಇಬ್ರೂ ಸರಿ ಅಪ್ಪ. ಅದು ತಪ್ಪಿದ್ದು ಕ್ಷಮೆ ಕೇಳಿದ್ರಲ್ಲಿ ಮಾತ್ರ."

ಮರುದಿನ ಎರಡು ಹಿಡಿ ಕಾಫಿಯನ್ನೂ ಕ್ಲಾಸಿಗೆ ಒಯ್ದು ಇದನ್ನೇ ಹೇಳಿದಳಂತೆ. ಯಾರೂ ನಗಲಿಲ್ಲವಂತೆ, ಎಲ್ಲರೂ ಕಚ್ಚಿ ನೋಡಿದರಂತೆ. ಸಂಜೆ ಮೇಡಮ್ಮೇ ಫೋನು ಮಾಡಿದರು. ಒಮ್ಮೆ ಕ್ಲಾಸಿಗೆ ಬಂದು ಮಾತಾಡುತ್ತೀರಾ ಎಂದು ಕೇಳಿದರು.

"ಖಂಡಿತ ಬರ್ತೀನಿ ಮೇಡಂ."

"ಈಗ ಕಾಫಿ ಪಿಕ್ಕಿಂಗ್ ಟೈಮು, ನಿಮಗೆ ಕಷ್ಟ ಆಗುತ್ತೇನೋ."

"ಕಷ್ಟ ಆಗುತ್ತೆ ಮೇಡಂ."

"ಹಾಗಾದ್ರೆ ಬೇಡ ಬಿಡಿ."

"ಬೇಡ ಮೇಡಂ."

"ಅಲ್ಲ, ಒಂದರ್ಧ ಗಂಟೆ ಆದ್ರೆ?"

"ಧಾರಾಳವಾಗಿ ಮೇಡಂ."

ಫೋನಿಟ್ಟ ಮೇಲೆ, ನಾನೀಗ ಹೋಗಬೇಕೋ ಬೇಡವೋ ಎಂಬುದು ನನಗೇ ತಿಳಿಯದೆ ಸರೋಜಳನ್ನು ಕೇಳಿದೆ. ಹೋಗಿಬನ್ನಿ ಎಂದಳು. ಸರಿ ಎಂದೆ.