ಮಾವಶಿಯನ್ನು ಕಾಯಂ ಮಾಡಿಸಲು ಹೊರಟ ನಾವು

ಹೋರಾಟ ಅಂದಮೇಲೆ ಅಲ್ಲಿ ಸಿಟ್ಟು ಇರುತ್ತದೆ, ತ್ಯಾಗ ಇರುತ್ತದೆ ಎಂದು ಪುಸ್ತಕಗಳಲ್ಲಿ ಓದಿದ್ದೆ. ಪುಣೆಯ ನಮ್ಮ ಕಚೇರಿಯ ನೌಕರರ ಸಂಘದಲ್ಲಿ ಎರಡೂ ಇದ್ದವು. ಆದರೆ ನಾವು ಗಂಭೀರವಾಗಿ ಏನನ್ನೇ ಮಾಡಲು ಹೊರಟರೂ ನಡುವೆ ನಗುವಂಥದ್ದೊಂದು ಆಗಿಯೇ ತೀರುತ್ತಿತ್ತು. ಆಗ ನಕ್ಕಿದ್ದೇವೆ. ಈಗ ಅವನ್ನೇ ನೆನೆಸಿಕೊಂಡರೆ ನಗು ಅರ್ಧಕ್ಕೆ ನಿಲ್ಲುತ್ತದೆ.

ನಮ್ಮದು ಸರ್ಕಾರಿ ವಿಮಾ ಕಚೇರಿ. ಸಂಘದ ಕಾರ್ಯದರ್ಶಿ ಇಂದಾಪುರದ ಕಡೆಯವರು. ಅವರ ಗಂಟಲಿಗೆ ಮೈಕು ಬೇಕಿರಲಿಲ್ಲ. ನಾನು ಜಂಟಿ ಕಾರ್ಯದರ್ಶಿ. ವಿಜಯಪುರದ ಕಡೆಯವನು, ಮಾತು ಕಡಿಮೆ. ಊಟದ ಡಬ್ಬಿ ಬಿಚ್ಚುವ ಹೊತ್ತಿನಲ್ಲೂ ಪುಸ್ತಕ ಹಿಡಿದು ಕೂತಿರುತ್ತಿದ್ದೆನೆಂದು ಸಂಘದ ಬರವಣಿಗೆಯೆಲ್ಲ ನನ್ನ ತಲೆಗೆ ಬಂದಿತ್ತು.

ಮೂರನೆಯವರು ಮಾವಶಿ. ಕಸ ಗುಡಿಸಿ, ನೀರು ತುಂಬಿ, ಚಹಾ ಕೊಡುವವರನ್ನು ಇಲ್ಲಿ ಎಲ್ಲರೂ ಹಾಗೆಯೇ ಕರೆಯುವುದು, ಮರಾಠಿಯಲ್ಲಿ ಚಿಕ್ಕಮ್ಮ ಎಂದರ್ಥ. ಅವರು ಯಾದಗಿರಿ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದ ಮನೆತನದವರು. ನನಗೆ ಅವರು ಅಕ್ಕ, ಅವರಿಗೆ ನಾನು ಅಣ್ಣಾರು. ಹತ್ತೊಂಬತ್ತು ವರ್ಷದಿಂದ ದಿನಗೂಲಿ. ಅವರಿಗೆ ಅರವತ್ತು ತುಂಬುವುದರೊಳಗೆ ಕಾಯಂ ಮಾಡಿಸಬೇಕೆಂಬುದು ನಮ್ಮ ಸಂಘದ ಹೋರಾಟ. ಕಾಯಂ ಆದ ಮೊದಲ ದಿನ ಏನು ಮಾಡ್ತೀರಿ ಅಕ್ಕಾ ಎಂದು ಒಮ್ಮೆ ಕೇಳಿದ್ದೆ.

"ರಜಾ ಹಾಕ್ತೀನ್ರಿ. ಅರ್ಜಿ ನೀವ ಬರದು ಕೊಡಬೇಕು ನೋಡ್ರಿ" ಅಂದಿದ್ದರು.

ಅವರು ಕಾಯಂ ಆಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ನಡುನಡುವೆ ನಗುವಾಗ ಓದುವವರಿಗೆ ಆಸೆ ಹುಟ್ಟೀತು.

ಕೊನೆಯ ಬೇಡಿಕೆ

ವರ್ಷಕ್ಕೊಮ್ಮೆ ಮ್ಯಾನೇಜರರ ಮುಂದೆ ಬೇಡಿಕೆ ಪಟ್ಟಿ ಇಡುತ್ತಿದ್ದೆವು. ಒಟ್ಟು ಹದಿನಾಲ್ಕು. ಮಾವಶಿಯದು ಒಬ್ಬರಿಗೆ ಮಾತ್ರ ಸಂಬಂಧಿಸಿದ್ದೆಂದು ಹದಿನಾಲ್ಕನೆಯದಾಗಿ ಇಟ್ಟಿದ್ದೆವು. ಮಾತುಕತೆ ಹನ್ನೊಂದಕ್ಕೆ ಶುರು. ಒಂದು ಗಂಟೆಗೆ ಊಟ. ಮೂರು ವರ್ಷದಲ್ಲಿ ಒಮ್ಮೆಯೂ ನಾವು ಒಂಬತ್ತನೆಯ ಬೇಡಿಕೆ ದಾಟಲಿಲ್ಲ.

ನಾಲ್ಕನೆಯ ವರ್ಷ ನಾನೊಂದು ಉಪಾಯ ಹೇಳಿದೆ: ಈ ಸಲ ಕೆಳಗಿನಿಂದ ಶುರು ಮಾಡೋಣ. ಮ್ಯಾನೇಜರು ಮೃದು ಸ್ವಭಾವದವರು, ಆಗಲಿ ಅಂದರು. ಪಟ್ಟಿಯ ಕೊನೆಯ ಸಾಲಿಗೆ ಕನ್ನಡಕ ತಂದು ಗಟ್ಟಿಯಾಗಿ ಓದಿದರು.

"ಬೇಡಿಕೆ ಹದಿನೈದು. ಸಿಬ್ಬಂದಿಯ ಮನರಂಜನೆಗೆ ಒಂದು ಕೇರಂ ಬೋರ್ಡು."

ಹಿಂದಿನ ದಿನ ಪಟ್ಟಿ ಟೈಪಾಗುವಾಗ ಕ್ಯಾಷ್ ವಿಭಾಗದವರು ತಮ್ಮದನ್ನೂ ಸೇರಿಸಿಬಿಟ್ಟಿದ್ದರು. ಮಾವಶಿಯನ್ನು ಕಾಯಂ ಮಾಡುವ ವಿಷಯದಲ್ಲಿ ಯಾರಿಗೂ ನಿಯಮ ಸರಿಯಾಗಿ ಗೊತ್ತಿರಲಿಲ್ಲ. ಕೇರಂ ವಿಷಯದಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಬೋರ್ಡು ಎಷ್ಟು ದಪ್ಪವಿರಬೇಕು, ಸ್ಟ್ಯಾಂಡು ಮರದ್ದೋ ಕಬ್ಬಿಣದ್ದೋ, ದೀಪ ಎಷ್ಟು ಎತ್ತರಕ್ಕೆ ತೂಗಬೇಕು. ಮ್ಯಾನೇಜರು ಕಾಲೇಜಿನಲ್ಲಿ ಆಡಿದವರೆಂದು ಅಂದೇ ತಿಳಿಯಿತು. ಬೋರ್ಡಿನ ಅಂಚಿಗೆ ತಾಗಿಸಿ ಹೊಡೆಯುವ ಒಂದು ಹೊಡೆತವನ್ನು ಮೇಜಿನ ಮೇಲೆ ಪೇಪರ್‌ವೇಟ್ ಇಟ್ಟು ತೋರಿಸಿದರು. ಒಂದು ಗಂಟೆಗೆ ಸರಿಯಾಗಿ ಬೋರ್ಡು ಮಂಜೂರಾಯಿತು. ಊಟಕ್ಕೆ ಎದ್ದೆವು.

ಹದಿನೈದು ದಿನದಲ್ಲಿ ಬೋರ್ಡು ಬಂತು. ಅದಕ್ಕೆ ಸುರಿಯುವ ಬಿಳಿ ಪುಡಿ ದಿನಾ ನೆಲದ ತುಂಬ ಹರಡುತ್ತಿತ್ತು. ಮಾವಶಿ ಒರೆಸುತ್ತ ನನ್ನನ್ನು ಕೇಳಿದರು: "ಕೆಲಸ ಕಾಯಂ ಮಾಡಸ್ರಿ ಅಂತ ಕೇಳಿದ್ರ ಕಸಾ ಕಾಯಂ ಮಾಡ್ಸಿ ಕೊಟ್ರಲ್ರೀ ಅಣ್ಣಾರ?"

ಭೇಟಿಗೆ ಬಂದವರ ಪುಸ್ತಕ

ಇದಕ್ಕೂ ಕೆಲ ವರ್ಷ ಹಿಂದೆ ಬಾಗಿಲಿಗೆ ಹೊಸ ವಾಚ್‌ಮನ್ ಬಂದಿದ್ದ. ಶಿರೂರಿನವನು, ಬಹಳ ಶಿಸ್ತಿನ ಮನುಷ್ಯ. ಗುರುತಿನ ಚೀಟಿ ಇಲ್ಲದವರೆಲ್ಲ ಪುಸ್ತಕದಲ್ಲಿ ಹೆಸರು ಬರೆಸಿ ಒಳಗೆ ಹೋಗಬೇಕೆಂದು ಅವನಿಗೆ ಆದೇಶವಿತ್ತು. ಮಾವಶಿಗೆ ಗುರುತಿನ ಚೀಟಿ ಇರಲಿಲ್ಲ. ಕಚೇರಿಯ ಬೀಗದ ಕೈ ಇತ್ತು.

ಹೀಗಾಗಿ ದಿನಾ ಬೆಳಿಗ್ಗೆ ಏಳೂವರೆಗೆ ಅವರೇ ಬಂದು ಬೀಗ ತೆಗೆದು, ಬಾಗಿಲು ದೂಡಿ, ವಾಚ್‌ಮನ್ನನ ಕುರ್ಚಿ ಮೇಜು ಒರೆಸಿ, ಆಮೇಲೆ ಹೊರಗೆ ಬಂದು ಅದೇ ಮೇಜಿನ ಮುಂದೆ ನಿಲ್ಲುತ್ತಿದ್ದರು. ಅವನು ಪುಸ್ತಕ ಬಿಡಿಸುತ್ತಿದ್ದ.

"ಯಾರನ್ನು ಭೇಟಿಯಾಗಬೇಕು?"

"ಯಾರೂ ಬಂದಿಲ್ಲ ಇನ್ನೂ."

"ಹಾಗೆ ಬರೆಯೋಕೆ ಬರೋದಿಲ್ಲ ಮಾವಶಿ. ಒಂದು ಹೆಸರು ಹೇಳಿ."

ಅವರು ದಿನಕ್ಕೊಬ್ಬರ ಹೆಸರು ಹೇಳತೊಡಗಿದರು. ಹಿಂದಿನ ದಿನ ಯಾರು ಚಹಾದ ಕಪ್ಪನ್ನು ಕಿಟಕಿಯಲ್ಲಿಟ್ಟು ಹೋಗಿದ್ದರೋ ಅವರ ಹೆಸರು.

ಇದು ಸುಮಾರು ಆರು ವರ್ಷ ನಡೆಯಿತು. ನಾವು ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟೆವು. ಮಾವಶಿ ಪ್ರತಿದಿನ ಕೆಲಸಕ್ಕೆ ಬಂದದ್ದಕ್ಕೆ ಅಲ್ಲಿ ಕಾಗದದ ಪುರಾವೆ ಕೇಳುತ್ತಾರೆಂದು ಸಂಘದ ವಕೀಲರು ಹೇಳಿದಾಗ ನನಗೆ ಥಟ್ಟನೆ ಹೊಳೆದದ್ದು ಆ ಪುಸ್ತಕಗಳು. ತಾರೀಖು, ವೇಳೆ, ಹೆಬ್ಬೆಟ್ಟು ಎಲ್ಲ ಇದ್ದ ಆರು ವರ್ಷದ ಪುರಾವೆ. ಕಾರ್ಯದರ್ಶಿ ನನ್ನನ್ನು ತಬ್ಬಿಕೊಂಡರು. ಇಬ್ಬರೂ ಸ್ಟೋರ್ ರೂಮಿಗೆ ಹೋಗಿ ಕಪಾಟು ತೆಗೆದೆವು. ಪುಸ್ತಕಗಳ ರಟ್ಟುಗಳು ಮಾತ್ರ ಇದ್ದವು.

ಮಾವಶಿಯನ್ನು ಕರೆದು ಕೇಳಿದೆ. ಅವರು ಸ್ವಲ್ಪ ನಾಚಿಕೊಂಡರು.

"ಕಿಟಕಿ ಗಾಜು ಒರಸಾಕ ಬಟ್ಟಿ ಕೊಡ್ರಿ ಅಂತ ನಾ ಎಷ್ಟ ಸಲ ಕೇಳಿದ್ರೂ ಕೊಡಲಿಲ್ರಿ ಇವ್ರು. ಆ ಕಾಗದ ಭಾಳ ಚಲೋ ಇತ್ತು, ನೀರ ಹೀರ್ತಿತ್ತು."

ನಮ್ಮ ಕಚೇರಿಯ ಗಾಜುಗಳು ಆ ಆರು ವರ್ಷ ನಿಜಕ್ಕೂ ಫಳಫಳ ಹೊಳೆಯುತ್ತಿದ್ದವು.

ಬುಧವಾರದ ಉಪವಾಸ

ಪುರಾವೆ ಹೋಯಿತು, ಇನ್ನು ಸತ್ಯಾಗ್ರಹ ಎಂದರು ಕಾರ್ಯದರ್ಶಿ. ಗೇಟಿನ ಪಕ್ಕದಲ್ಲಿ ಪೆಂಡಾಲು, ದಿನಕ್ಕೊಬ್ಬರಂತೆ ಸರದಿ ಉಪವಾಸ. ಸಭೆಯಲ್ಲಿ ಕೈ ಎತ್ತಿ ಅಂದಾಗ ನಾನು ಊಹಿಸದಷ್ಟು ಕೈಗಳು ಎದ್ದವು. ಒಬ್ಬ ಹೆಣ್ಣುಮಗಳ ಸಲುವಾಗಿ ಇಷ್ಟು ಜನ ಹಸಿದಿರಲು ಸಿದ್ಧರಾದರಲ್ಲ ಎಂದು ಎದೆ ತುಂಬಿ ಬಂತು. ಹೆಸರು ಬರೆದುಕೊಳ್ಳುತ್ತ ಹೋದಂತೆ ಗುಟ್ಟು ತಿಳಿಯಿತು. ಸೋಮವಾರ ಕೇಳಿದವರು ಶಿವನ ಭಕ್ತರು. ಮಂಗಳವಾರದವರು ಗಣಪತಿಯವರು, ರಾಂಜಣಗಾಂವಕ್ಕೆ ನಡೆದುಕೊಳ್ಳುವವರು. ಗುರುವಾರ ದತ್ತ, ಶುಕ್ರವಾರ ದೇವಿ, ಶನಿವಾರ ಮಾರುತಿ. ಹೇಗೂ ಮನೆಯಲ್ಲಿ ಮಾಡುವ ಉಪವಾಸವನ್ನು ಪೆಂಡಾಲಿನಲ್ಲಿ ಮಾಡಿದರಾಯಿತು.

ಉಪವಾಸಕ್ಕೆ ಸಾಬೂದಾಣಿ ಖಿಚಡಿ ನಡೆಯುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ಬಂತು. ದೇವರಿಗೇ ನಡೆಯುವುದು ಮ್ಯಾನೇಜ್‌ಮೆಂಟಿಗೆ ಯಾಕೆ ನಡೆಯಬಾರದು ಎಂದು ಕಾರ್ಯದರ್ಶಿ ತೀರ್ಪು ಕೊಟ್ಟರು. ಮಂಗಳವಾರ ಮ್ಯಾನೇಜರೇ ಕೆಳಗಿಳಿದು ಬಂದು, ತಮಗೂ ಇಂದು ಉಪವಾಸವೆಂದು ಹೇಳಿ, ಪೆಂಡಾಲಿನಲ್ಲಿ ಒಂದು ತಟ್ಟೆ ಖಿಚಡಿ ತಿಂದು ಹೋದರು. ಶೇಂಗಾ ಸ್ವಲ್ಪ ಕಡಿಮೆಯಾಗಿದೆ ಅಂದರಂತೆ.

ಬುಧವಾರಕ್ಕೆ ಯಾವ ದೇವರೂ ಸಿಗಲಿಲ್ಲ. ಆ ದಿನ ನಾನು ಕೂತೆ. ಖಿಚಡಿ ಇಲ್ಲದೆ, ನೀರು ಮಾತ್ರ ಕುಡಿದು, ಒಂದು ದಪ್ಪ ಪುಸ್ತಕ ಹಿಡಿದು. ಎರಡು ಗಂಟೆಗೆ ಮಾವಶಿ ಬಂದು ಪಕ್ಕದಲ್ಲಿ ಕೂತು ತಮ್ಮ ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಪುಂಡಿಪಲ್ಯ.

"ಬುಧವಾರ ಯಾವ ದೇವರದ್ರಿ ಅಣ್ಣಾರ?"

"ಯಾವ ದೇವರದೂ ಅಲ್ಲ ಅಕ್ಕಾ. ನಿಮ್ಮ ಸಲುವಾಗಿ."

ಅವರು ನನ್ನ ಮುಖ ನೋಡಿದರು. ಆಮೇಲೆ ರೊಟ್ಟಿಯನ್ನು ಎರಡು ಭಾಗ ಮಾಡಿ, ಪಲ್ಯ ಹಚ್ಚಿ ಮುಂದೆ ಹಿಡಿದರು.

"ನನ್ನ ಸಲುವಾಗಿ ಅಂದ್ರ ನಾನ ಹೇಳ್ಲಕತ್ತೀನಿ. ಉಣ್ರಿ."

ಇಡೀ ವಾರದಲ್ಲಿ ಅವರಿಗಾಗಿಯೇ ನಡೆದ ಉಪವಾಸ ಅದೊಂದೇ. ಅದನ್ನೂ ಬ್ಯಾನರಿನ ಮರೆಯಲ್ಲಿ ಕೂತು ಮುರಿದೆ.

ಶೇಕಡಾ ನೂರು

ಮಾವಶಿಗೆ ಅರವತ್ತು ತುಂಬಲು ಏಳು ತಿಂಗಳಿರುವಾಗ ಒಂದು ದಿನದ ಮುಷ್ಕರ ಹೂಡಿದೆವು. ಅಧಿಕಾರಿಗಳ ಸಂಘವೂ ಸೇರಿಕೊಂಡಿತು. ಹೀಗಾಗಿ ಕಚೇರಿಯ ಒಳಗೆ ಉಳಿದವರು ಇಬ್ಬರೇ: ಮ್ಯಾನೇಜರು ಮತ್ತು ಮಾವಶಿ. ಮಾವಶಿ ಹೊರಗೆ ನಿಂತರೆ ಮರುದಿನವೇ ಅವರ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ. ಆದ್ದರಿಂದ ಒಳಗೇ ಇರಿ ಎಂದು ನಾವೇ ಹೇಳಿದ್ದೆವು. ಅವರ ಹೆಸರಿನ ಘೋಷಣೆ ಕೂಗುತ್ತ ನಾವು ಬಿಸಿಲಲ್ಲಿ. ಅವರು ಮೇಲಿನಿಂದ ನಮಗೆ ಎರಡು ಸಲ ಚಹಾ ಕಳಿಸಿದರು.

ಹನ್ನೊಂದು ಗಂಟೆಗೆ ಮ್ಯಾನೇಜರು ಒಂದು ಫಾರ್ಮು ಹಿಡಿದು ಗೇಟಿಗೆ ಬಂದರು. ಮುಷ್ಕರದ ದಿನ ತಮ್ಮನ್ನು ಬಿಟ್ಟು ಹಾಜರಿದ್ದ ನೌಕರರ ಸಂಖ್ಯೆಯನ್ನು ಮುಖ್ಯ ಕಚೇರಿಗೆ ಬರೆದು ಕಳಿಸಬೇಕಿತ್ತು. ನಾನು ಓದಿದವನೆಂದು, ಯಾವ ಕಾಗದವನ್ನೂ ನನಗೆ ತೋರಿಸದೆ ಕಳಿಸುವ ರೂಢಿ ಅವರಿಗಿರಲಿಲ್ಲ.

"ಒಂದು ಅಂತ ಬರೆಯಲೋ ಸೊನ್ನೆ ಅಂತ ಬರೆಯಲೋ?" ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಕಾರ್ಯದರ್ಶಿ ನಡುವೆ ಬಂದರು. "ಒಂದು ಯಾಕೆ? ಒಳಗೆ ಯಾರಿದ್ದಾರೆ? ಯಾರವನು ದ್ರೋಹಿ, ಗದ್ದಾರ?"

"ಮಾವಶಿ ಇದ್ದಾರಲ್ಲ."

"ಅವರು ನೌಕರರೇ ಅಲ್ಲ ಅಂತ ಹತ್ತೊಂಬತ್ತು ವರ್ಷದಿಂದ ಹೇಳುತ್ತಿರೋರು ನೀವೇ ತಾನೇ ಸಾಹೇಬ್? ಸೊನ್ನೆ ಬರೆಯಿರಿ."

ಮ್ಯಾನೇಜರು ನನ್ನ ಕಡೆ ನೋಡಿದರು. ಇಡೀ ಪುಣೆ ವಿಭಾಗದಲ್ಲಿ ಶೇಕಡಾ ನೂರರ ಮುಷ್ಕರ ಅಲ್ಲಿಯವರೆಗೆ ಯಾವ ಕಚೇರಿಯಲ್ಲೂ ಆಗಿರಲಿಲ್ಲ. ಆ ಗಳಿಗೆಯಲ್ಲಿ ನನ್ನ ತಲೆಯಲ್ಲೂ ಅದೇ ಇತ್ತು. ಸೊನ್ನೆಯೇ ಸರಿ ಸರ್, ಅಂದೆ. ಅವರು ಗೇಟಿನ ಕಂಬಕ್ಕೆ ಫಾರ್ಮು ಒತ್ತಿ ಹಿಡಿದು ಸೊನ್ನೆ ಬರೆದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಮೇಲಿನ ಕಿಟಕಿಯಿಂದ ಮಾವಶಿಯೂ ತಟ್ಟಿದರು.

ಮರುದಿನ ಮರಾಠಿಯಲ್ಲಿ ಕರಪತ್ರ ಬರೆದೆ. "ಆ ದಿನ ಕಚೇರಿಯೊಳಗೆ ಒಬ್ಬರೇ ಒಬ್ಬ ನೌಕರರೂ ಕೆಲಸ ಮಾಡಲಿಲ್ಲ" ಎಂಬುದು ಅದರ ಮೊದಲ ವಾಕ್ಯ. ಬಹಳ ತೂಗಿ ನೋಡಿ ಬರೆದ ವಾಕ್ಯ. ಕೆಳಗೆ ನನ್ನ ಸಹಿ. ಅದು ಎಲ್ಲ ಕಚೇರಿಗಳ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಭಾಷೆ ಚೆನ್ನಾಗಿದೆ ಎಂದು ನಾಗಪುರದಿಂದ ಯಾರೋ ಫೋನು ಮಾಡಿದರು.

ಎರಡು ತಿಂಗಳಿಗೆ ಕಾರ್ಮಿಕ ಅಧಿಕಾರಿಯ ಮುಂದೆ ವಿಚಾರಣೆ ಬಂತು. ಅಧಿಕಾರಿ ಮುಂಗೋಪಿಯಲ್ಲ, ಆದರೆ ಕೆಲಸ ಬೇಗ ಮುಗಿಸುವವರು.

"ಬಾಯಿಮಾತು ಬೇಡ. ಈಕೆ ಅಲ್ಲಿ ನೌಕರಳಾಗಿ ಕೆಲಸ ಮಾಡಿದ ಒಂದೇ ಒಂದು ದಿನವನ್ನು ಖಚಿತವಾಗಿ ತೋರಿಸಿ, ಮುಂದಿನದನ್ನು ನಾನು ನೋಡುತ್ತೇನೆ" ಅಂದರು.

ಕಾರ್ಯದರ್ಶಿ ಎದ್ದು ನಿಂತರು. "ಮುಷ್ಕರದ ದಿನ ಸಾಹೇಬ್. ನಾವೆಲ್ಲ ಹೊರಗೆ. ಬಾಗಿಲು ತೆರೆದದ್ದು, ಫೋನು ಎತ್ತಿದ್ದು, ಬಂದವರನ್ನು ಕೂರಿಸಿದ್ದು ಎಲ್ಲ ಇವರೊಬ್ಬರೇ. ಮ್ಯಾನೇಜರೇ ಸಾಕ್ಷಿ."

ಅಧಿಕಾರಿ ಪೆನ್ನು ಕೈಗೆತ್ತಿಕೊಂಡರು. ಅಷ್ಟು ವರ್ಷದಲ್ಲಿ ಮಾವಶಿಯ ವಿಷಯಕ್ಕೆ ಯಾರಾದರೂ ಪೆನ್ನು ಎತ್ತಿದ್ದು ಅದೇ ಮೊದಲು. ಆಗ ನಮ್ಮ ಮ್ಯಾನೇಜರು, ನನ್ನ ಕಡೆ ನೋಡದೆ, ಫೈಲಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. "ಇದು ನಮ್ಮ ಕಾಗದವಲ್ಲ ಸರ್, ಅವರದೇ" ಅಂದರು.

ಅಧಿಕಾರಿ ಕರಪತ್ರದ ಮೊದಲ ವಾಕ್ಯವನ್ನು ಎರಡು ಸಲ ಓದಿದರು. ಸಹಿ ನೋಡಿದರು. ನನ್ನನ್ನು ನೋಡಿದರು. ಕೊನೆಗೆ ಮಾವಶಿಯತ್ತ ತಿರುಗಿದರು.

"ಅಮ್ಮಾ, ನೀವೇ ಹೇಳಿ. ಆ ದಿನ ನೀವು ಒಳಗೆ ಕೆಲಸ ಮಾಡುತ್ತಿದ್ದಿರಾ? ಯಾರೂ ಇರಲಿಲ್ಲ ಅಂತ ಇಲ್ಲಿ ಬರೆದಿದೆಯಲ್ಲ."

ಮಾವಶಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಆದರೆ ಆ ಕುರ್ಚಿ, ಆ ಮೇಜು, ಅಷ್ಟು ಜನ ಇವನ್ನು ನೋಡಿಯೋ ಏನೋ, ಅವತ್ತು ಮಾತು ಕನ್ನಡದಲ್ಲೇ ಬಂತು. ಯಾವ ಭಾಷೆಯಾದರೂ ಆಗಲಿ ಎಂದು ಅಧಿಕಾರಿ, ಅದನ್ನು ಮರಾಠಿಯಲ್ಲಿ ತಿಳಿಸುವಂತೆ ನನಗೆ ಸನ್ನೆ ಮಾಡಿದರು. ಮಾವಶಿ ಕರಪತ್ರವನ್ನು ನೋಡಿದರು, ಆಮೇಲೆ ನನ್ನನ್ನು. ಆ ನೋಟದಲ್ಲಿ ಗೌರವವಿತ್ತೋ ಚೇಷ್ಟೆಯಿತ್ತೋ ನನಗೆ ಈಗಲೂ ತಿಳಿಯದು.

"ನಾ ಅಂತೂ ಇದ್ದೆ ಅಂತ ತಿಳಕೊಂಡಿದ್ದೆ ಸಾಹೇಬ್ರ. ಆದ್ರ ಇವ್ರು ಇದ್ದಿಲ್ಲ ಅಂತ ಬರದಾರಂದ್ರ ಇದ್ದಿಲ್ಲ ಅಂತನ ಅನ್ನಬೇಕು. ಇವ್ರು ಭಾಳ ಓದಿದವ್ರು ಅದಾರ."

"ಏನಂತಾರೆ?" ಎಂದರು ಅಧಿಕಾರಿ.

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಬೇರೇನೂ ಹೊಳೆಯಲಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಮರಾಠಿಯಲ್ಲಿ ಹೇಳಿದೆ. ಭಾಳ ಓದಿದವ್ರು ಎಂಬುದೊಂದನ್ನು ಮಾತ್ರ ಬಿಟ್ಟೆ.