ರೈಲು ಬಾರದ ಸ್ಟೇಷನ್ನಿನಲ್ಲಿ ಒಂದು ಶೃಂಗಸಭೆ

ದೇಶ ದೇಶಗಳ ಜಗಳ ಬಗೆಹರಿಸುವುದು ಹೇಗೆಂದು ಪಾಠ ಹೇಳುವವನಿಗೆ ಪಕ್ಕದ ಮನೆಯ ಜಗಳದಲ್ಲಿ ಎದೆ ಡವಗುಟ್ಟುತ್ತಿತ್ತು ಎಂದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಕೊಟ್ಟೂರಿನ ಕಾಲೇಜಿನಲ್ಲಿ ನಾನು ಬಿ.ಎ. ಹುಡುಗರಿಗೆ ಅಂತರರಾಷ್ಟ್ರೀಯ ಸಂಬಂಧಗಳನ್ನು ಬೋಧಿಸುತ್ತಿದ್ದ ಕಾಲದ ಮಾತಿದು. ಒಪ್ಪಂದದ ಕರಡು ಯಾರು ಬರೆಯಬೇಕು, ಸಹಿ ಯಾರು ಹಾಕಬೇಕು, ಸಹಿ ಬಿದ್ದ ಮೇಲೂ ಸಂಸತ್ತು ಒಪ್ಪದಿದ್ದರೆ ಅದು ಹೇಗೆ ಬರೀ ಕಾಗದವಾಗುತ್ತದೆ ಎಂದು ವರ್ಷಾವರ್ಷ ಹೇಳುತ್ತಿದ್ದೆ. ‘ಅನುಮೋದನೆ’ ಎಂಬ ಶಬ್ದವನ್ನು ಬೋರ್ಡಿನ ಮೇಲೆ ಬರೆಯುವಾಗಲಂತೂ ಸೀಮೆಸುಣ್ಣ ಮುರಿಯುವಷ್ಟು ಒತ್ತುತ್ತಿದ್ದೆ. ಇದೇ ಮನುಷ್ಯ ಮನೆಯಲ್ಲಿ ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎನ್ನಲು ಎರಡು ಸಲ ಯೋಚಿಸುತ್ತಿದ್ದ.

ಆ ವರ್ಷದ ಮಳೆಗಾಲದಲ್ಲಿ ನೆರೆಯ ದೇಶದ ಅಧ್ಯಕ್ಷರು ನಮ್ಮಲ್ಲಿಗೆ ಮಾತುಕತೆಗೆಂದು ಬಂದು, ಒಂದು ಜಂಟಿ ಹೇಳಿಕೆಯೂ ಇಲ್ಲದೆ ವಾಪಸು ಹೋಗಿದ್ದರು. ಮಿರ್ಚಿ ಮಂಡಕ್ಕಿ ಅಂಗಡಿಯಲ್ಲಿ ಜನ ನನ್ನನ್ನು ಹಿಡಿದು, “ಯಾಕ್ ಮುರೀತ್ರೀ ಸರ ಮಾತುಕತಿ?” ಎಂದು ಕೇಳುತ್ತಿದ್ದರು. ನಾನು, “ಪೂರ್ವಸಿದ್ಧತೆ ಸಾಲದು, ಕರಡು ಮೊದಲೇ ಆಗಬೇಕಿತ್ತು” ಎಂದು, ನನ್ನನ್ನೊಮ್ಮೆ ಕರೆಸಿದ್ದರೆ ಸರಿಮಾಡಿ ಬರುತ್ತಿದ್ದೆ ಎಂಬ ಧಾಟಿಯಲ್ಲಿ ವಿವರಿಸುತ್ತಿದ್ದೆ. ವಿವರಿಸುವಾಗಲೂ ಒಂದು ಕಣ್ಣು ಬಾಗಿಲ ಮೇಲೇ ಇರುತ್ತಿತ್ತು. ಬಸಣ್ಣ ಒಳಗೆ ಬಂದರೆ ನಾನು ಎದ್ದು ಹೋಗಬೇಕಾಗಿತ್ತು.

ಬಸಣ್ಣ ವೈರಿಯಲ್ಲ. ಗೋಡೆಗೆ ಗೋಡೆ ಹೊಂದಿದ ಪಕ್ಕದ ಮನೆಯವನು, ಬಟ್ಟೆ ಅಂಗಡಿ ಇಟ್ಟವನು, ಹದಿನೆಂಟು ವರ್ಷದ ಗೆಳೆಯ. ದಿನಾ ಬೆಳಿಗ್ಗೆ ಅವನ ಮನೆಯ ಕಟ್ಟೆಯ ಮೇಲೆ ಕೂತು, ಒಂದೇ ಪೇಪರನ್ನು ಹಾಳೆ ಹಾಳೆ ಹಂಚಿಕೊಂಡು ಓದುತ್ತ ಚಹಾ ಕುಡಿಯದಿದ್ದರೆ ನನಗೆ ಬೆಳಗೇ ಆಗುತ್ತಿರಲಿಲ್ಲ. ಅದು ನಿಂತು ಎರಡು ತಿಂಗಳಾಗಿತ್ತು. ಕಾರಣ, ಶಾವಿಗೆ.

ನಮ್ಮ ಕಡೆ ಬೇಸಿಗೆಯಲ್ಲಿ ಶಾವಿಗೆ ಮಾಡುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಇವತ್ತು ನಿಮ್ಮ ಮನೆಗೆ ನಾನು ಬರುತ್ತೇನೆ, ನಾಳೆ ನಮ್ಮ ಮನೆಗೆ ನೀವು ಬರಬೇಕು. ಇದಕ್ಕೆ ಮುಯ್ಯಾಳು ಎನ್ನುತ್ತಾರೆ. ಬರೆದಿಟ್ಟ ಕರಾರು ಯಾವುದೂ ಇಲ್ಲ. ನನ್ನ ಹೆಂಡತಿ ಗೌರಿ, ಬಸಣ್ಣನ ಹೆಂಡತಿ ಅನ್ನಪೂರ್ಣಳ ಮನೆಯಲ್ಲಿ ಇಡೀ ದಿನ ಕೂತು ಶಾವಿಗೆ ಹೊಸೆದು ಬಂದಳು. ನಮ್ಮ ಸರದಿಯ ದಿನ ಅನ್ನಪೂರ್ಣ ಬರಲೇ ಇಲ್ಲ. ನಾದಿಟ್ಟ ಹಿಟ್ಟು ಮಧ್ಯಾಹ್ನದ ಹೊತ್ತಿಗೆ ಹುಳಿಯಾಯಿತು. “ಮನಿಗೆ ಬಂದು ಕರೀಲಿಲ್ಲ, ಹ್ಯಾಂಗ ಬರ್ಲಿ?” ಎಂದು ಅವಳು. “ಮುಯ್ಯಿಗೆ ಕರಿಯೋದೇನು, ಅದೇನು ಮದಿವ್ಯಾ?” ಎಂದು ಇವಳು. ಇಬ್ಬರೂ ಮಾತು ಬಿಟ್ಟರು. ಅನ್ನಪೂರ್ಣ ಹೇಳಿದ್ದರಲ್ಲೂ ಸ್ವಲ್ಪ ನ್ಯಾಯ ಇದೆಯಲ್ಲ ಎಂದು ನಾನು ಬಾಯಿ ಬಿಟ್ಟದ್ದೇ ತಪ್ಪಾಯಿತು. “ಹಂಗಾರ ಅಲ್ಲೇ ಚಾ ಕುಡೀರಿ, ಅಲ್ಲೇ ಉಂಡು ಬರ್ರಿ” ಎಂದಳು ಗೌರಿ. ಇನ್ನು ಆ ಕಟ್ಟೆ ಹತ್ತಬಾರದು ಎಂದು ಅದರ ಅರ್ಥ. ಬಸಣ್ಣನಿಗೂ ಅವನ ಮನೆಯಲ್ಲಿ ಇಂಥದೇ ಅಪ್ಪಣೆಯಾಗಿತ್ತು.

ಮೊದಮೊದಲು ತಮಾಷೆ ಎನಿಸಿತು, ಆಮೇಲೆ ಭಯ ಹತ್ತಿತು. ಹರಪನಹಳ್ಳಿಯ ನನ್ನ ಸೋದರಮಾವ ಒಂದು ಕರಿಬೇವಿನ ಗಿಡದ ಸಲುವಾಗಿ ಪಕ್ಕದ ಮನೆಯವರ ಜೊತೆ ಮಾತು ಬಿಟ್ಟವನು. ಗಿಡ ಒಣಗಿ ಒಲೆ ಸೇರಿದರೂ ಮಾತು ಬರಲಿಲ್ಲ. ಕೊನೆಗೆ ಮಾವ ತೀರಿಕೊಂಡಾಗ ಅವರು ಮಣ್ಣಿಗೂ ಬರಲಿಲ್ಲ. ಇದು ನೆನಪಾದಾಗಲೆಲ್ಲ, ನಾನು ಸತ್ತರೆ ಬಸಣ್ಣ ಮಣ್ಣಿಗೆ ಬರುತ್ತಾನೋ ಇಲ್ಲವೋ ಎಂದು ಚಿಂತಿಸುತ್ತ ಕೂತುಬಿಡುತ್ತಿದ್ದೆ. ನನ್ನ ಆರೋಗ್ಯ ಚೆನ್ನಾಗಿಯೇ ಇತ್ತು.

ಕಡೆಗೆ ತಡೆಯಲಾರದೆ ಶೃಂಗಸಭೆ ಕರೆದೆ. ತಟಸ್ಥ ಸ್ಥಳವೆಂದು ನಮ್ಮೂರ ರೈಲ್ವೆ ಸ್ಟೇಷನ್ನನ್ನು ಆರಿಸಿದೆ. ಆಗ ಅಲ್ಲಿಗೆ ಪ್ರಯಾಣಿಕರ ರೈಲು ಬರುತ್ತಿರಲಿಲ್ಲವಾದ್ದರಿಂದ ಇಬ್ಬರ ಹೆಂಡಿರ ತವರಿನವರೂ ದಿಢೀರನೆ ಬಂದಿಳಿಯುವ ಅಂಜಿಕೆ ಇರಲಿಲ್ಲ. ಬಸಣ್ಣ ಜೇಬಿನ ತುಂಬ ಹುರಿದ ಶೇಂಗಾ ತಂದಿದ್ದ. ಕಲ್ಲುಬೆಂಚಿನ ಮೇಲೆ ಇಬ್ಬರ ನಡುವೆ ಅದನ್ನು ಸುರಿದು, “ಏನಾರ ಮಾಡ್ರಿ ಮೇಷ್ಟ್ರ. ಒಬ್ಬನ ಕುಂತು ಪೇಪರ್ ಓದಿದ್ರ ಸುದ್ದಿಗೆ ರುಚೀನ ಇಲ್ಲ” ಎಂದ. ನಾನು ಕಾಲೇಜಿನ ಉತ್ತರಪತ್ರಿಕೆಯ ಖಾಲಿ ಹಾಳೆ ತೆಗೆದು ಬರೆಯತೊಡಗಿದೆ. ಕಲಂ ಒಂದು: ಸೋಮವಾರ ಬೆಳಿಗ್ಗೆ ಉಭಯ ಪಕ್ಷದವರೂ ಅಂಗಳಕ್ಕೆ ನೀರು ಹಾಕಲು ಏಕಕಾಲಕ್ಕೆ ಹೊರಬಂದು, ಏಕಕಾಲಕ್ಕೆ ಮಾತಾಡತಕ್ಕದ್ದು. ಕಲಂ ಎರಡು: ಮುಯ್ಯಿಗೆ ಹಿಂದಿನ ದಿನವೇ ಕರೆಯತಕ್ಕದ್ದು, ಕರೆಯದಿದ್ದರೂ ಬರತಕ್ಕದ್ದು. ಕೆಳಗೆ ಗೌರಿಯ ಪರವಾಗಿ ನಾನು, ಅನ್ನಪೂರ್ಣಳ ಪರವಾಗಿ ಬಸಣ್ಣ ಸಹಿ ಹಾಕಿದೆವು.

“ಮನ್ಯಾಗ ಇವರಿಗೆ ಯಾವಾಗ ಹೇಳೋದ್ರಿ?” ಎಂದ ಬಸಣ್ಣ.

“ಟೈಮ್ ನೋಡಿ ಹೇಳೋಣು” ಎಂದೆ.

ಟೈಮ್ ನೋಡುತ್ತ ನೋಡುತ್ತ ಭಾನುವಾರ ಬಂತು. ನಾನು ರೊಟ್ಟಿ ತಿನ್ನುತ್ತಿದ್ದೆ, ಗೌರಿ ಒಗೆಯುವುದಕ್ಕೆ ಅಂಗಿ ತೆಗೆದುಕೊಂಡಳು. ಒಗೆಯುವ ಮುಂಚೆ ಜೇಬು ನೋಡುವುದು ಅವಳ ಪದ್ಧತಿ ಎಂದು ಹೊಳೆಯುವಷ್ಟರಲ್ಲಿ ಒಪ್ಪಂದದ ಹಾಳೆ ಅವಳ ಕೈಯಲ್ಲಿತ್ತು. ಎರಡು ಸಲ ಓದಿದಳು. ಅಲ್ಲೇ ನನ್ನನ್ನು ಬೈದಿದ್ದರೆ ಬದುಕುತ್ತಿದ್ದೆ. ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ಬಸಣ್ಣನ ಮನೆಗೆ ಹೊರಟಳು. ಇದ್ದ ಮೌನವನ್ನೂ ನಾನೇ ಕೈಯಾರೆ ಯುದ್ಧವಾಗಿಸಿದೆನಲ್ಲ ಎಂದುಕೊಳ್ಳುತ್ತ ಗೋಡೆಗೆ ಕಿವಿ ಹಚ್ಚಿ ನಿಂತೆ.

“ಅನ್ನಪೂರ್ಣಾ, ಬಾ ಇಲ್ಲೆ. ನನ್ನ ಪರವಾಗಿ ನಮ್ಮೋರು ಸಹಿ ಹಾಕ್ಯಾರ, ನಿನ್ನ ಪರವಾಗಿ ನಿಮ್ಮೋರು. ನಿನ್ನ ಕೇಳ್ಯಾರೇನು?”

“ನನ್ನ ಯಾರು ಕೇಳ್ತಾರಕ್ಕ? ಒಳಗ ಬಾ, ಅದೇನೈತಿ ಓದು.”

ಗೌರಿ ಒಂದೊಂದೇ ಕಲಂ ಓದುವುದು ಕೇಳಿತು. ಆಮೇಲೆ ನಗು. ಎರಡು ತಿಂಗಳ ಮೇಲೆ ಆ ಮನೆಯೊಳಗಿಂದ ಇಬ್ಬರ ನಗು ಒಟ್ಟಿಗೆ ಕೇಳಿ ನನಗೆ ಹೋದ ಜೀವ ಬಂತು. ನಗು ಬಂದದ್ದು ನಾನು ಬಹಳ ಯೋಚಿಸಿ ಬರೆದ ಕಲಂ ಎರಡಕ್ಕೆ ಎಂದು ತಿಳಿದಾಗ ಅರ್ಧ ಜೀವ ಮತ್ತೆ ಹೋಯಿತು. ಗೌರಿ ಚಹಾ ಕುಡಿದೇ ಮನೆಗೆ ಬಂದಳು. ಬಾಗಿಲಲ್ಲೇ ನಿಂತು ತೀರ್ಪು ಹೇಳಿದಳು: “ಮುಂದಿನ ಬ್ಯಾಸಗಿಗೆ ಎರಡೂ ಮನಿ ಶಾವಿಗಿಗೆ ಮುಯ್ಯಾಳು ನೀವಿಬ್ರ. ಕರಿಯಾಕ ಯಾರೂ ಬರೂದಿಲ್ಲ, ನೀವ ಬರಬೇಕು.”

ಮರುದಿನ ತರಗತಿಯಲ್ಲಿ ‘ಅನುಮೋದನೆ’ ಎಂದು ಬೋರ್ಡಿನ ಮೇಲೆ ಬಹಳ ಮೆಲ್ಲಗೆ ಬರೆದೆ. ಸೀಮೆಸುಣ್ಣ ಮುರಿಯಲಿಲ್ಲ.

ಬೇಸಿಗೆ ಬಂತು, ಕರೆಯದೆಯೇ ಹೋದೆವು. ನಾನು ಹೊಸೆದ ಶಾವಿಗೆ ಹಗ್ಗದಂತೆ ಬಂದದ್ದರಿಂದ ಒಂದೇ ತಾಸಿನಲ್ಲಿ ನನ್ನನ್ನು ಮಾಳಿಗೆಗೆ ವರ್ಗಾಯಿಸಿದರು. ಬಸಣ್ಣ ಅದಕ್ಕಿಂತ ಮೊದಲೇ ವರ್ಗವಾಗಿ ಬಂದಿದ್ದ. ಅಲ್ಲಿ ಒಣಗಿಸಿದ ಶಾವಿಗೆಗೆ ಕಾಗೆ ಕಾಯುತ್ತ, ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು, ಒಂದೇ ಪೇಪರಿನ ಹಾಳೆ ಹಂಚಿಕೊಂಡು ಕೂತೆವು. ಕೆಳಗಿನಿಂದ ಎರಡು ಲೋಟ ಚಹಾ ಬಂತು.

“ಮೇಷ್ಟ್ರ, ಇವರು ಮಾಡಿದ ಈ ಒಪ್ಪಂದ ಎಷ್ಟು ದಿನ ಬಾಳ್ತೈತಿ?” ಎಂದು ಕೇಳಿದ ಬಸಣ್ಣ.

“ಬಾಳ್ತೈತಿ ಬಸಣ್ಣ, ಕಾಳಜಿ ಬ್ಯಾಡ” ಎಂದೆ. “ಇದಕ್ಕ ನಮ್ಮ ಸಹಿ ಯಾರೂ ಕೇಳಿಲ್ಲ.”